ಮೊಬೈಲಿನ ಚಿತ್ರವೂ ಚಿತ್ರದ ಷಡಂಗಗಳೂ

ಕಾವ್ಯಕ್ಕೂ ನಾಟಕಕ್ಕೂ ವಿಮರ್ಶಕರು ಸಾಲುಗಟ್ಟಿ ನಿಂತಿರಲಾಗಿ, ಮನೆಮನೆಯಲ್ಲಿಯೂ ದಿನಂಪ್ರತಿ ಹುಟ್ಟುತ್ತಿರುವ ಛಾಯಾಚಿತ್ರವನ್ನು ವಿಮರ್ಶಿಸತಕ್ಕವರು ಮಾತ್ರ ಕಾಣಸಿಗುವುದಿಲ್ಲ. ಹಿಂದೆ ಮದುವೆ ಮುಂಜಿಗಳ ದಿವಸ ಪೇಟೆಯಿಂದ ಬರುತ್ತಿದ್ದ ಕ್ಯಾಮೆರಾದ ಕೆಲಸವನ್ನು ಈಗ ಸಕಲೇಶಪುರ, ಆಲೂರು ಸೀಮೆಯ ತೋಟದ ಮನೆಗಳಲ್ಲಿ ಅಂಗಿಯ ಜೇಬಿನೊಳಗಿನ ಮೊಬೈಲು ನಡೆಸುತ್ತಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೊರಟವು. 2023ರಲ್ಲಿ ಆ ಸಂಖ್ಯೆಯು 80 ಲಕ್ಷವನ್ನೂ ಮುಟ್ಟಲಿಲ್ಲ. ಈ ಏಳುಬೀಳು ವರ್ತಕರ ಚಿಂತೆ. ಚಿತ್ರವು ಚಿತ್ರವಾಗಿ ಏನಾಯಿತೆಂಬುದೇ ಇಲ್ಲಿ ವಿಚಾರಣೀಯವಾದುದು.

ಮೊಬೈಲಿನ ದೊಡ್ಡ ಗುಣವೆಂದರೆ ಅದು ಬೇಕಾದ ಹೊತ್ತಿಗೆ ಕೈಯಲ್ಲಿರುವುದು. ಬೇಸಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಗಳೊಳಗೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಎರಡು ಮೂರು ದಿನಗಳಲ್ಲಿ ಹೂವು ಕಂದಿ ಹೋಗುತ್ತದೆ. ಹಾಸನದಲ್ಲಿರುವ ಮಗನು ಕ್ಯಾಮೆರಾ ಹಿಡಿದು ಭಾನುವಾರ ಬರುವವರೆಗೆ ಹೂವು ಕಾಯುವುದಿಲ್ಲ. ಅಲ್ಲದೆ ಮಲೆನಾಡಿನ ತೇವವು ಕ್ಯಾಮೆರಾಕ್ಕೆ ಪರಮ ವೈರಿ. ಆಷಾಢ ಶ್ರಾವಣಗಳಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಮಸೂರದ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ. ಒಮ್ಮೆ ಅದು ಗಾಜಿನ ಲೇಪವನ್ನು ತಿಂದರೆ ಒರೆಸಿ ಪ್ರಯೋಜನವಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರವು ಹೀಗೆ ಕುರುಡಾಗಿ ಮೂಲೆ ಸೇರಿದ ಮನೆಗಳು ಈ ಬೆಟ್ಟಗಳಲ್ಲಿ ಕಡಮೆಯಲ್ಲ. ದಿನವೂ ಕೈಯಲ್ಲಾಡುವ ಮೊಬೈಲಿಗೆ ಈ ರೋಗದ ಭಯ ಅಷ್ಟಿಲ್ಲ.

ಗುಣವನ್ನು ಒಪ್ಪಿದ ಮೇಲೆ ದೋಷವನ್ನೂ ನೋಡತಕ್ಕದ್ದು. ವಾತ್ಸ್ಯಾಯನನ ಸೂತ್ರಗಳಿಗೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ ಎಂದು ಆರು ಅಂಗಗಳನ್ನು ಎಣಿಸಿದ್ದಾನೆ. ಕುಂಚದ ಚಿತ್ರಕ್ಕೆ ಹೇಳಿದ ಮಾತು ಯಂತ್ರದ ಚಿತ್ರಕ್ಕೆ ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಈಗಿನ ಮೊಬೈಲು ಬೆಳಕನ್ನು ಹಿಡಿಯುವುದಷ್ಟನ್ನೇ ಮಾಡುತ್ತಿಲ್ಲ. ಗುಂಡಿಯನ್ನು ಒತ್ತಿದೊಡನೆ ಹಲವು ಚಿತ್ರಗಳನ್ನು ತೆಗೆದು, ಕೂಡಿಸಿ, ತಿದ್ದಿ, ಬಣ್ಣ ಕೊಟ್ಟು ಒಂದನ್ನು ಒಪ್ಪಿಸುತ್ತದೆ. ಅದು ಚಿತ್ರಕಾರನ ಕೆಲಸಕ್ಕೆ ಕೈಹಾಕಿರುವುದರಿಂದ ಚಿತ್ರಕಾರನ ಪರೀಕ್ಷೆಗೂ ನಿಲ್ಲಬೇಕು.

ಮೊದಲು ಪ್ರಮಾಣ. ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಬೀಳುವ ಫಲಕವು 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲ. ಉತ್ತಮವಾದ ಮೊಬೈಲಿನ ಫಲಕವು ಅದರ ಹನ್ನೆರಡನೆಯ ಒಂದು ಪಾಲು, ಸಾಧಾರಣದ್ದು ಇನ್ನೂ ಚಿಕ್ಕದು. ಅದರ ಮುಖ್ಯ ಮಸೂರವು ವಿಶಾಲ ದೃಷ್ಟಿಯದಾದುದರಿಂದ ಹತ್ತಿರ ಹಿಡಿದರೆ ಅಜ್ಜಿಯ ಮೂಗು ದಪ್ಪಗಾಗಿ ಕಿವಿಗಳು ಹಿಂದೆ ಸರಿಯುತ್ತವೆ. ದೂರದ್ದಕ್ಕೆ ಹೋದರೆ ಸೋಲು ಮತ್ತೂ ಸ್ಪಷ್ಟ. ಬಿಸಿಲೆಯ ಕಾಡಿನಲ್ಲಿ ಕೊಂಬೆಯ ಮರೆಯ ಹಕ್ಕಿಯು ಮೊಬೈಲಿಗೆ ಒಂದು ಬಣ್ಣದ ಚುಕ್ಕೆ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರ ತೆಗೆದುದು ನಿಜವಾದ ಕ್ಯಾಮೆರಾವನ್ನು ಹೊತ್ತು, ಹೊತ್ತುಗಟ್ಟಲೆ ಕಾದು. ಆ ಕಾಯುವಿಕೆಯನ್ನು ಜೇಬಿನ ಯಂತ್ರವು ಯಾರಿಗೂ ಕಲಿಸಿದಂತೆ ಕಾಣುವುದಿಲ್ಲ.

ರೂಪಭೇದದಲ್ಲಿಯೂ ಹಾಗೆಯೇ. ಮುಖವನ್ನು ಸ್ಫುಟವಾಗಿರಿಸಿ ಹಿಂದಿನದನ್ನು ಮಸುಕಾಗಿಸುವುದನ್ನು ಕ್ಯಾಮೆರಾದ ಮಸೂರವು ಸಹಜವಾಗಿ ಮಾಡುತ್ತದೆ. ಮೊಬೈಲು ಅದನ್ನು ಊಹೆಯಿಂದ ಮಾಡಿ, ಮುಡಿದ ಮಲ್ಲಿಗೆಯ ಅರ್ಧವನ್ನು ಹಿತ್ತಿಲೆಂದು ತಿಳಿದು ಅಳಿಸಿಬಿಡುತ್ತದೆ. ಆದರೂ ಒಂದೆಡೆ ಅದರ ಜಾಣ್ಮೆಗೆ ತಲೆದೂಗಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಸುರಂಗದ ಬಾಯಲ್ಲಿ ಒಳಗಿನ ಕತ್ತಲನ್ನೂ ಹೊರಗಿನ ಬಿಸಿಲನ್ನೂ ಏಕಕಾಲದಲ್ಲಿ ಹಿಡಿಯಲು ಪಳಗಿದ ಛಾಯಾಗ್ರಾಹಕನೇ ತಿಣುಕುವಾಗ, ಕಿಟಕಿಯ ಬಳಿ ಕುಳಿತ ಬಾಲಕನ ಮೊಬೈಲು ಎರಡನ್ನೂ ಹದವಾಗಿ ಕೂಡಿಸಿಕೊಡುತ್ತದೆ.

ಸಾದೃಶ್ಯ, ವರ್ಣಿಕಾಭಂಗಗಳಿಗೆ ಬಂದಾಗ ಮಾತ್ರ ವಿಮರ್ಶಕನು ಬಿಗಿಯಾಗಬೇಕಾಗುತ್ತದೆ. ಸ್ಯಾಮ್‌ಸಂಗ್ ಮೊಬೈಲುಗಳು ಚಂದ್ರನನ್ನು ಗುರುತಿಸಿ, ಮಸೂರಕ್ಕೆ ಕಾಣದ ಕಲೆಗಳನ್ನು ಕಲಿತ ಪಾಠದಿಂದ ತುಂಬುತ್ತವೆಯೆಂದು 2023ರಲ್ಲಿ ದೊಡ್ಡ ಚರ್ಚೆಯೆದ್ದಿತು. ಚಂದ್ರನನ್ನು ಗುರುತಿಸಿ ವಿವರವನ್ನು ಹೆಚ್ಚಿಸುವ ಏರ್ಪಾಡು ಉಂಟೆಂದು ತಯಾರಕರೂ ವಿವರಿಸಿದರು. ಚಂದ್ರನಿಗೆ ಅದರಿಂದ ನಷ್ಟವಿಲ್ಲ. ಆದರೆ ಅನೇಕ ಮೊಬೈಲುಗಳ ‘ಸೌಂದರ್ಯ’ವೆಂಬ ಏರ್ಪಾಡು ಮನುಷ್ಯರ ಮುಖಕ್ಕೂ ಇದನ್ನೇ ಮಾಡುತ್ತದೆ. ಬಿಸಿಲುಮಳೆಗಳಲ್ಲಿ ಕಾಫಿ ಕುಯ್ದ ಹೆಂಗಸಿನ ಎಣ್ಣೆಗಪ್ಪು ಗೋದಿಬಣ್ಣವಾಗುತ್ತದೆ. ಕೆನ್ನೆಯ ಸುಕ್ಕು ಮಾಯವಾಗುತ್ತದೆ. ವಧೂವರಾನ್ವೇಷಣೆಗೆಂದು ಕಳುಹಿಸಿದ ಇಂಥ ಚಿತ್ರವನ್ನು ನೋಡಿ ಬಂದವರು ನಿಜವಾದ ಹುಡುಗಿಯನ್ನು ಕಂಡು ಮುಖ ಸಣ್ಣದು ಮಾಡಿದರೆ ಅಪರಾಧ ಯಾರದು? ಸ್ಟುಡಿಯೋದವರು ಹಿಂದೆಯೂ ಪೆನ್ಸಿಲಿನಿಂದ ತಿದ್ದುತ್ತಿದ್ದರು, ನಿಜ. ಆದರೆ ತಿದ್ದಿದವನು ಯಾರೆಂದು ಗೊತ್ತಿತ್ತು, ಬೇಡವೆಂದರೆ ಬಿಡುತ್ತಿದ್ದನು.

ಇನ್ನು ಭಾವ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಿ ಮಡಿದನು. ಅರ್ಜುನನಿಗೆ ಎರಡು ಬಗೆಯ ಚಿತ್ರಗಳಿವೆ. ಮೈಸೂರಿನಲ್ಲಿ ದೊಡ್ಡ ಕ್ಯಾಮೆರಾಗಳು ದೂರದಿಂದ ಸೆಳೆದು ತೆಗೆದವು ಒಂದು ಬಗೆ: ಅಂಬಾರಿ, ಜೂಲು, ಮೈಮೇಲಿನ ಬಣ್ಣದ ಬಳ್ಳಿ, ಎಲ್ಲವೂ ಲಕ್ಷಣವಾಗಿ. ಇನ್ನೊಂದು ಬಗೆಯು ಸಾವಿನ ದಿನ ಮೊಬೈಲಿನಿಂದ ಮೊಬೈಲಿಗೆ ಹರಿದು ಬಂದವು: ಕಳೇಬರ, ಸುತ್ತಲಿನ ಗಿಡಗಂಟಿ, ಗೋಳಿಡುವ ಮಾವುತ. ಅವುಗಳಲ್ಲಿ ಪ್ರಮಾಣವಿಲ್ಲ, ಲಾವಣ್ಯಯೋಜನವಿಲ್ಲ. ಆದರೂ ಈ ಸೀಮೆಯ ಮನೆಗಳಲ್ಲಿ ಜನ ಕಣ್ಣೊರೆಸಿಕೊಂಡುದು ಅವುಗಳನ್ನು ನೋಡಿ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆದೂ ತೃಪ್ತನಾಗದೆ, ಮಾಲಿನೀ ನದಿಯನ್ನೂ ಆಶ್ರಮದ ಮರವನ್ನೂ ಅದಕ್ಕೆ ಸೇರಿಸಬಯಸುತ್ತಾನೆ. ಆಕೆ ಇದ್ದ ಎಡೆಯಿಲ್ಲದೆ ಆಕೆ ಪೂರ್ಣಳಲ್ಲ. ದಸರೆಯ ಚಿತ್ರಗಳಲ್ಲಿ ಇಲ್ಲದ ಆ ಎಡೆಯು, ಅರ್ಜುನನು ಬಿದ್ದ ನೆಲವು, ಮೊಬೈಲಿನ ಚಿತ್ರಗಳಲ್ಲಿದೆ.

ಇದೇ ಆನೆಗಳ ಸೀಮೆಯಲ್ಲಿ, ರಸ್ತೆ ದಾಟುವ ಹಿಂಡನ್ನು ಕಂಡು ಮೊಬೈಲು ಹಿಡಿದು ಹತ್ತಿರ ಹೋಗುವ ಉತ್ಸಾಹಿಗಳಿಗೂ ಒಂದು ಮಾತು ಹೇಳಬೇಕು. ದೂರವನ್ನು ಹತ್ತಿರ ಮಾಡುವ ಶಕ್ತಿ ಆ ಮಸೂರಕ್ಕಿಲ್ಲವಾದುದರಿಂದಲೇ ಕಾಲು ಮುಂದೆ ಹೋಗುತ್ತದೆ. ಆನೆಯ ಚಿತ್ರವು ಬೇಕೇಬೇಕೆನ್ನುವವರು ಉದ್ದ ಮಸೂರದ ಕ್ಯಾಮೆರಾವನ್ನು ಕೊಳ್ಳಲಿ. ಇಲ್ಲವಾದರೆ ಮನೆಯ ಮಹಡಿಯಿಂದ ಕಣ್ಣಾರೆ ನೋಡಲಿ.

ವಾಟ್ಸಾಪಿನಲ್ಲಿ ಬಂದ ಚಿತ್ರವು ಕುಗ್ಗಿ ಬರುತ್ತದೆ. ತೆಗೆದವರ ಹೆಸರಾಗಲಿ, ಊರಾಗಲಿ, ತೇದಿಯಾಗಲಿ ಅದರೊಡನೆ ಬರುವುದಿಲ್ಲ. ಹಳೆಯ ಪಟಗಳ ಬೆನ್ನಿನ ಮೇಲೆ ಹಿರಿಯರು ಶಾಯಿಯಲ್ಲಿ ಇವನ್ನೆಲ್ಲ ಬರೆದಿಡುತ್ತಿದ್ದರು. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಆರಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನಲ್ಲಿ ಹೆಸರು ಬರೆದಿಡುವುದು ಮೊಬೈಲುಳ್ಳ ಮನೆಗಳಿಗೆ ಭಾರವಾದ ವೆಚ್ಚವಲ್ಲ.