ವ್ಯಾಯಾಮ ಶಿಕ್ಷಕರ ಅಭ್ಯಾಸಪಾಠ: ಒಂದು ವಿಮರ್ಶೆ

ವ್ಯಾಯಾಮ ಶಿಕ್ಷಕನೂ ಕ್ರೀಡಾ ತರಬೇತುದಾರನೂ ಒಬ್ಬನೇ ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮೊದಲನೆಯವನ ಮುಂದೆ ನಿಲ್ಲುವವರು ತರಗತಿಯ ಎಲ್ಲ ಮಕ್ಕಳು. ಎರಡನೆಯವನ ಮುಂದೆ ನಿಲ್ಲುವವರು ಆರಿಸಿ ತೆಗೆದ ಕೆಲವರು. ಒಬ್ಬನು ಯಾರನ್ನೂ ಬಿಡುವಂತಿಲ್ಲ. ಮತ್ತೊಬ್ಬನಿಗೆ ಬಿಡುವುದೇ ಕಸುಬಿನ ಅರ್ಧಭಾಗ. ಈ ಎರಡು ವೃತ್ತಿಗಳಿಗೂ ಒಂದೇ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಅಣಿಗೊಳಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅಣಿಗೊಳಿಸುವ ಕ್ರಮದಲ್ಲಿ, ಅದರಲ್ಲಿಯೂ ಅಭ್ಯಾಸಪಾಠವೆಂಬ ಭಾಗದಲ್ಲಿ, ಮೊದಲನೆಯ ವೃತ್ತಿಗೆ ಅನ್ಯಾಯವಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ಸಂಸ್ಥೆಗಳ ಚರಿತ್ರೆ ಈ ಭೇದವನ್ನು ಅರಿಯದೆ ಇಲ್ಲ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ಕಾಲೇಜೂ, 1957ರಲ್ಲಿ ಗ್ವಾಲಿಯರಿನಲ್ಲಿ ಆರಂಭವಾದ ಲಕ್ಷ್ಮೀಬಾಯಿ ಕಾಲೇಜೂ ವ್ಯಾಯಾಮ ಶಿಕ್ಷಕರ ತರಬೇತಿಗಾಗಿ ಹುಟ್ಟಿದವು. ತರಬೇತುದಾರರಿಗಾಗಿ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬೇರೆಯಾಗಿಯೇ ಬಂದಿತು. ಹೀಗಿದ್ದರೂ ಶಾಲೆಯ ಅಂಗಳಕ್ಕೆ ಬಂದಾಗ ಎರಡೂ ಕೆಲಸ ಒಬ್ಬನ ಹೆಗಲಿಗೇ ಬೀಳುತ್ತದೆ. ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಿಂದ ತಂದ ಫಲಕಗಳೇ ಅವನ ಯೋಗ್ಯತೆಗೆ ಅಳತೆಗೋಲಾಗುತ್ತವೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಪಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿದವು. ಹೆಚ್ಚಿದ ಕಾಲ ಯಾವುದರಿಂದ ತುಂಬುತ್ತಿದೆಯೆಂದು ಕೇಳುವುದು ಅವಶ್ಯ.

ಅಭ್ಯಾಸಪಾಠದ ಚೌಕಟ್ಟು ವಾಚಕರಿಗೆ ಪರಿಚಿತವಾದುದೇ. ಹಾಜರಿ, ಮೈ ಬಿಸಿಮಾಡುವ ಚಲನೆಗಳು, ಎಣಿಕೆಗೆ ತಕ್ಕ ಕವಾಯತು, ಆ ದಿನದ ಮುಖ್ಯ ಕೌಶಲ, ಕೊನೆಗೊಂದು ವಿನೋದದ ಆಟ, ಮತ್ತೆ ಸಾಲುಗೂಡಿ ವಿಸರ್ಜನೆ. ಚೌಕಟ್ಟಿನಲ್ಲಿ ದೋಷವಿಲ್ಲ; ದೋಷವಿರುವುದು ಪಾಠ ಯಾರಿಗೆ ನಡೆಯುತ್ತದೆಂಬುದರಲ್ಲಿ. ಹಲವೆಡೆ ಮೊದಲ ಪಾಠಗಳನ್ನು ಸಹಪಾಠಿಗಳಿಗೇ ಹೇಳಿಸುತ್ತಾರೆ. ಆಟದಲ್ಲಿ ಪಳಗಿ ಬಂದ ತರುಣ ತರುಣಿಯರು ಎದುರಿಗೆ ನಿಂತಿರುವಾಗ, ಲಾಗ ಹಾಕುವುದನ್ನು ಹೇಳಿಕೊಡುವವನು ಕಲಿಸುವುದಾದರೂ ಏನನ್ನು? ಬೀಳುವ ಭಯದಿಂದ ಕುತ್ತಿಗೆಯನ್ನು ಬಿಗಿಹಿಡಿಯುವ ಮಗುವನ್ನು, ಓಡಿಬಂದು ಗೆರೆಯ ಬಳಿ ಥಟ್ಟನೆ ನಿಂತುಬಿಡುವ ಮಗುವನ್ನು ಅವನು ಅಲ್ಲಿ ಕಾಣುವುದೇ ಇಲ್ಲ. ತಪ್ಪು ಮಾಡುವವರಿಲ್ಲದ ಕಡೆ ತಿದ್ದುವ ವಿದ್ಯೆ ಬೆಳೆಯದು. ಪರೀಕ್ಷಕರ ಕಣ್ಣಾದರೂ ಕಾಣಬಹುದಾದುದರ ಮೇಲೆಯೇ ನೆಡುತ್ತದೆ: ಆಜ್ಞೆಯ ದನಿ, ಸಾಲಿನ ನೇರ, ಸೀಟಿ ಊದಿದ ಹೊತ್ತು, ಉಡುಪಿನ ಬಿಳುಪು. ಕವಾಯತು ಸೈನ್ಯದಿಂದ ಶಾಲೆಗೆ ಬಂದ ಕಾಲದ ಗುರುತು ನಮ್ಮ ಅಂಕಪಟ್ಟಿಯಲ್ಲಿ ಇನ್ನೂ ಅಳಿದಿಲ್ಲ.

ಒಂದು ಸರಳ ಲೆಕ್ಕವನ್ನು ಮುಂದಿಡುತ್ತೇವೆ. ತರಗತಿಯಲ್ಲಿ 60 ಮಕ್ಕಳು, ಅವಧಿ 40 ನಿಮಿಷ, ಹಾಜರಿ ಮೊದಲಾದವುಗಳಿಗೆ 10 ನಿಮಿಷ. ವಾಲಿಬಾಲ್ ಒಂದೇ ಇದ್ದು, ಮಕ್ಕಳು ಸಾಲಿನಲ್ಲಿ ಬಂದು ಒಬ್ಬೊಬ್ಬರು 10 ಸೆಕೆಂಡು ತೆಗೆದುಕೊಂಡರೆ, ಉಳಿದ 30 ನಿಮಿಷಗಳಲ್ಲಿ 180 ಸರದಿಗಳು, ಮಗುವೊಂದಕ್ಕೆ ಮೂರು. ಉಳಿದ 29 ನಿಮಿಷ 30 ಸೆಕೆಂಡು ಅದು ನಿಂತಿರುತ್ತದೆ. ಹೀಗೆ ನಿಂತ ಸಾಲು ನೋಡಲು ಅಚ್ಚುಕಟ್ಟಾಗಿರುವುದರಿಂದ ಈ ಪಾಠಕ್ಕೆ ಒಳ್ಳೆಯ ಅಂಕಗಳೂ ಬರಬಹುದು. ಆರು ಚೆಂಡುಗಳನ್ನಿಟ್ಟು ಆರು ಗುಂಪು ಮಾಡಿದವನ ಅಂಗಳ ಗದ್ದಲವಾಗಿರುತ್ತದೆ, ಆದರೆ ಅಲ್ಲಿ ಮಗುವಿಗೆ ಹದಿನೆಂಟು ಸರದಿ. ಆರು ಚೆಂಡುಗಳಿಲ್ಲದ ಶಾಲೆಯಲ್ಲಿ ಹಗ್ಗ, ಬಟ್ಟೆಯ ಚೆಂಡು, ಸುಣ್ಣದ ಗೆರೆಗಳಿಂದ ಅಷ್ಟೇ ಸರದಿಗಳನ್ನು ಹೇಗೆ ಒದಗಿಸಬೇಕೆಂಬುದು ತರಬೇತಿಯ ನಿಜವಾದ ಪ್ರಶ್ನೆ.

ಎತ್ತರ ಜಿಗಿತದ ವಿಷಯವನ್ನೂ ನೋಡಬಹುದು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್‌ಬರಿ ಬೆನ್ನನ್ನು ಅಡ್ಡಕೋಲಿನತ್ತ ತಿರುಗಿಸಿ ಜಿಗಿದು ಚಿನ್ನ ಗೆದ್ದ ಮೇಲೆ ಆ ಶೈಲಿಯೇ ಲೋಕಪ್ರಚಾರ ಪಡೆಯಿತು. ಅದರಲ್ಲಿ ಬೀಳುವುದು ಬೆನ್ನಿನ ಮೇಲೆ. ದಪ್ಪ ಮೆತ್ತೆ ಅದಕ್ಕೆ ಬೇಕೇ ಬೇಕು. ಕಾಲೇಜಿನಲ್ಲಿ ಇದನ್ನೇ ಕಲಿತ ವಿದ್ಯಾರ್ಥಿ ಮುಂದೆ ಸೇರುವ ಶಾಲೆಯಲ್ಲಿ ಒಂದು ಮರಳಿನ ಗುಂಡಿಯಿದ್ದರೆ ಪುಣ್ಯ. ಕಾಲಿನ ಮೇಲೆ ಇಳಿಯುವ ಕತ್ತರಿ ಜಿಗಿತ ಅಲ್ಲಿ ನಿರಪಾಯಕರ, ಹತ್ತು ವರ್ಷದ ಮಗುವಿಗೆ ಸುಲಭ. ಸ್ಪರ್ಧೆಯಲ್ಲಿ ಅದಕ್ಕೆ ಬೆಲೆಯಿಲ್ಲವಾದ್ದರಿಂದ ಪಾಠದಲ್ಲಿಯೂ ಅದು ಮೂಲೆಗೆ ಸೇರಿದೆ.

ಗರಡಿಯ ಉಸ್ತಾದನಿಗೆ ಅಂಕಪಟ್ಟಿಯಿರಲಿಲ್ಲ. ಹೊಸಬನಿಗೆಷ್ಟು ಬಸ್ಕಿ, ಪಳಗಿದವನಿಗೆಷ್ಟು ಎಂಬುದನ್ನು ಮೈ ನೋಡಿಯೇ ಹೇಳುತ್ತಿದ್ದ. ಆ ಕಣ್ಣು ನಮಗೆ ಬೇಕು. ಆದರೆ ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತೆಂಬುದನ್ನು ಮರೆತು ಅದನ್ನು ಹೊಗಳುವವರ ಪಂಕ್ತಿಗೆ ನಾವು ಸೇರಲಾರೆವು.

ತರಬೇತುದಾರನಾಗುವವನಿಗೂ ಈ ಕಣ್ಣು ಅಗತ್ಯ. ಹದಿಮೂರು ವಯಸ್ಸಿನ ಹುಡುಗರಲ್ಲಿ ಬೇಗ ಬೆಳೆದವನು ಎತ್ತರವಾಗಿಯೂ ಬಲವಾಗಿಯೂ ಕಾಣುತ್ತಾನೆ. ಅವನನ್ನು ಪ್ರತಿಭಾವಂತನೆಂದು ಆರಿಸಿ, ತಡವಾಗಿ ಬೆಳೆಯುವವನನ್ನು ಮನೆಗೆ ಕಳುಹಿಸುವುದು ಸುಲಭದ ತಪ್ಪು. ಎಲ್ಲ ಮಕ್ಕಳ ನಡುವೆ ತಿಂಗಳುಗಟ್ಟಲೆ ಕೆಲಸ ಮಾಡಿದವನು ಈ ತಪ್ಪಿಗೆ ಅಷ್ಟು ಬೇಗ ಬೀಳಲಾರ.

ಆದುದರಿಂದ ಸಹಪಾಠಿಗಳ ಮೇಲಿನ ಪಾಠಗಳನ್ನು ಮೊದಲ ಕೆಲವು ವಾರಗಳಿಗೆ ಸೀಮಿತಗೊಳಿಸಿ, ಉಳಿದವನ್ನು ಸಮೀಪದ ಶಾಲೆಗಳ ಇಡೀ ತರಗತಿಗಳಲ್ಲಿ ನಡೆಸಬೇಕೆಂದು ಸೂಚಿಸುತ್ತೇವೆ. ಪರೀಕ್ಷಕರು ಗಡಿಯಾರ ಹಿಡಿದು, ಸಾಲಿನ ಕೊನೆಯಲ್ಲಿ ನಿಂತ ಒಂದು ಮಗುವನ್ನು ಮಾತ್ರ ಗಮನಿಸಲಿ. ಆ ಅವಧಿಯಲ್ಲಿ ಚೆಂಡು ಅದರ ಕೈಗೆ ಎಷ್ಟು ಸಲ ಬಂದಿತು, ಅದರ ತಪ್ಪನ್ನು ಎಷ್ಟು ಸಲ ಹೆಸರು ಹಿಡಿದು ಕರೆದು ತಿದ್ದಲಾಯಿತು ಎಂಬುದನ್ನು ಬರೆದುಕೊಳ್ಳಲಿ. ನಾವು ನೋಡಿದ ಅಂಕಪಟ್ಟಿಗಳಲ್ಲಿ ಉಡುಪಿಗೆ ಒಂದು ಅಂಕಣವಿದೆ. ಈ ಎಣಿಕೆಗೆ ಇಲ್ಲ.