ಕ್ಯಾಮೆರಾ ಯಾವ ಕಾರಿನಲ್ಲಿ ಕೂತಿದೆ?

ಪರದೆಯ ಮೇಲೆ ಕಾರುಗಳ ಬೆನ್ನಟ್ಟುವಿಕೆ ಶುರುವಾದರೆ ನಾವು ಯಾರ ಪಕ್ಷ ಎಂಬುದನ್ನು ಕ್ಯಾಮೆರಾವೇ ತೀರ್ಮಾನಿಸಿಬಿಡುತ್ತದೆ. ಅದು ಸಾಮಾನ್ಯವಾಗಿ ಬೆನ್ನಟ್ಟುವವನ ಕಾರಿನಲ್ಲಿ ಕೂತಿರುತ್ತದೆ. ನಾವೂ ಅಲ್ಲೇ ಕೂತಿರುತ್ತೇವೆ.

ವಿಲಿಯಂ ಫ್ರೀಡ್‌ಕಿನ್ 1971ರಲ್ಲಿ ನಿರ್ದೇಶಿಸಿದ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರವನ್ನೇ ನೋಡಿ. ಹಂತಕನೊಬ್ಬ ನ್ಯೂಯಾರ್ಕಿನ ಬೀದಿಯ ಮೇಲೆ ಎತ್ತರದಲ್ಲಿ ಓಡುವ ರೈಲು ಹತ್ತುತ್ತಾನೆ. ಪತ್ತೇದಾರ ಡಾಯ್ಲ್ ದಾರಿಹೋಕನೊಬ್ಬನ ಕಾರು ಕಸಿದುಕೊಂಡು ಕೆಳಗಿನ ರಸ್ತೆಯಲ್ಲಿ ಬೆನ್ನಟ್ಟುತ್ತಾನೆ. ಒಂದೆಡೆ ಮಗುವಿನ ತಳ್ಳುಗಾಡಿ ಹಿಡಿದ ತಾಯಿ ಎದುರಾಗುತ್ತಾಳೆ. ಡಾಯ್ಲ್ ಕಾರನ್ನು ಪಕ್ಕಕ್ಕೆಳೆದು ಕಸದ ರಾಶಿಗೆ ನುಗ್ಗಿಸುತ್ತಾನೆ. ಮರುಕ್ಷಣವೇ ಓಟ ಮುಂದುವರಿಯುತ್ತದೆ. ಆ ತಾಯಿ ಏನಾದಳೆಂದು ಕ್ಯಾಮೆರಾ ತಿರುಗಿಯೂ ನೋಡುವುದಿಲ್ಲ.

ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು, ಬರಬೇಕಾದದ್ದೇ. ನಮ್ಮ ತಕರಾರು ಕಸುಬಿನ ಬಗ್ಗೆ ಅಲ್ಲ. ಬೀದಿಯ ಜನರನ್ನು ಬರೀ ಅಡ್ಡಿಗಳಾಗಿ ಕಾಣಲು ನಮ್ಮ ಕಣ್ಣನ್ನು ಪಳಗಿಸುತ್ತದಲ್ಲ, ಅದರ ಬಗ್ಗೆ.

ಈ ಕಣ್ಣು ನ್ಯಾಯಾಲಯವನ್ನೂ ತಲುಪಿತು. 2001ರಲ್ಲಿ ಜಾರ್ಜಿಯಾದಲ್ಲಿ ಅತಿವೇಗದ ತಪ್ಪಿಗೆ ನಿಲ್ಲಿಸದೆ ಓಡಿದ 19ರ ತರುಣನ ಕಾರಿಗೆ ಪೊಲೀಸರು ಹಿಂದಿನಿಂದ ಗುದ್ದಿದರು. ಅವನ ಕೈಕಾಲುಗಳ ಸ್ವಾಧೀನವೇ ಹೋಯಿತು. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೊಲೀಸ್ ಕಾರಿನ ಕ್ಯಾಮೆರಾ ಸೆರೆಹಿಡಿದ ದೃಶ್ಯ ನೋಡಿ, 8-1ರಂತೆ ಅಧಿಕಾರಿಯ ಪರ ತೀರ್ಪಿತ್ತಿತು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ನೆನೆದದ್ದು ಇದೇ ‘ಫ್ರೆಂಚ್ ಕನೆಕ್ಷನ್’ ಚಿತ್ರವನ್ನು! ಅದೇ ದೃಶ್ಯ ನೋಡಿದ ಸ್ಟೀವನ್ಸ್ ಒಬ್ಬರೇ ಭಿನ್ನಮತ ಬರೆದರು.

ಕದ್ದ ಕಾರನ್ನು ಪಡೆಯಲು ಬೆನ್ನಟ್ಟಲೇಬೇಕೇ? 1986ರಲ್ಲಿ ಮಸಾಚುಸೆಟ್ಸ್‌ನಲ್ಲಿ ಬಳಕೆಗೆ ಬಂದ ‘ಲೋಜ್ಯಾಕ್’ ಬೇರೆ ದಾರಿ ತೋರಿತು. ಕಾರಿನೊಳಗೆ ಗುಟ್ಟಾಗಿ ಒಂದು ರೇಡಿಯೊ ಸಾಧನ ಇಡುತ್ತಾರೆ. ಕಳವಿನ ದೂರು ದಾಖಲಾದೊಡನೆ ಅದು ಎಚ್ಚೆತ್ತು ಸಂಕೇತ ಕಳಿಸುತ್ತದೆ; ಪೊಲೀಸರು ಅದರ ಜಾಡು ಹಿಡಿಯುತ್ತಾರೆ. ಅರ್ಥಶಾಸ್ತ್ರಜ್ಞರಾದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರ ಅಧ್ಯಯನದಲ್ಲಿ ಕಂಡುಕೊಂಡ ಸಂಗತಿ ಇನ್ನೂ ದೊಡ್ಡದು. ಯಾವ ಕಾರಿನಲ್ಲಿ ಸಾಧನವಿದೆಯೆಂದು ಕಳ್ಳನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅದು ಬಂದ ಊರುಗಳಲ್ಲಿ ಒಟ್ಟು ಕಾರು ಕಳವೇ ಇಳಿಯಿತು. ಒಬ್ಬ ಹಣ ಕೊಟ್ಟು ಇಟ್ಟುಕೊಂಡದ್ದು, ಕೊಡದ ನೆರೆಯವನನ್ನೂ ಕಾಯಿತು. ಬೆನ್ನಟ್ಟುವಿಕೆ ಮಾಡುವುದು ಇದಕ್ಕೆ ತದ್ವಿರುದ್ಧ. ಒಬ್ಬನ ಸೊತ್ತಿಗಾಗಿ ನೆರೆಯವರ ಪ್ರಾಣವನ್ನು ಪಣಕ್ಕಿಡುತ್ತದೆ.

ಬೆನ್ನಟ್ಟದಿದ್ದರೆ ಕಳ್ಳರಿಗೆ ಕೊಬ್ಬು ಬರುವುದಿಲ್ಲವೇ ಎನ್ನುವವರಿದ್ದಾರೆ. ಆ ಅಂಜಿಕೆ ಹುಸಿಯಲ್ಲ. ಕೊಲೆಗಡುಕ ಓಡುತ್ತಿದ್ದರೆ ಹಿಂದೆ ಹೋಗಬೇಕಾದೀತು. ಆದರೆ ಅಪರಾಧದ ತೂಕವನ್ನೂ ಬೀದಿಯ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡದೆ ವೇಗ ಹೆಚ್ಚಿಸುವ ಹಕ್ಕು ಯಾರಿಗೂ ಇರಬಾರದು.

ಈ ತಕ್ಕಡಿ ಇನ್ನೂ ತೂಗುತ್ತಲೇ ಇದೆ. 1968ರ ‘ಬುಲಿಟ್’ ಚಿತ್ರದ ಹೆಸರಾಂತ ಕಾರು ಓಟ ನಡೆದ ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2024ರ ಮಾರ್ಚ್‌ನಲ್ಲಿ ಪೊಲೀಸರ ಮೇಲಿದ್ದ ಕಡಿವಾಣವನ್ನು ಸಡಿಲಿಸಿದರು. ಡಾಯ್ಲ್‌ನ ನ್ಯೂಯಾರ್ಕ್ ಪೊಲೀಸ್ ಇಲಾಖೆಯೇ 2025ರ ಫೆಬ್ರವರಿಯಿಂದ ಅದನ್ನು ಬಿಗಿಗೊಳಿಸಿತು. ಬರೀ ಸಂಚಾರ ನಿಯಮ ಮುರಿದವನನ್ನು ಬೆನ್ನಟ್ಟುವಂತಿಲ್ಲ ಎಂದಿತು.

ಕಥೆ ಬರೆಯುವ ನಾವು ಪ್ರತಿ ಕಥೆಗೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಯಾರ ಕಣ್ಣಿನಿಂದ ನೋಡುವುದು? ಕಾನೂನು ಮಾಡುವವರೂ ಅದನ್ನು ಕೇಳಿಕೊಳ್ಳಲಿ. ಕದ್ದ ಕಾರು ಇಂದಲ್ಲ ನಾಳೆ ಸಿಕ್ಕೀತು. ತಳ್ಳುಗಾಡಿ ಹಿಡಿದು ರಸ್ತೆ ದಾಟುತ್ತಿರುವ ತಾಯಿಯ ಜಾಗದಲ್ಲಿ ನಿಂತು ನೋಡಿದರೆ, ಎಲ್ಲಿ ಬ್ರೇಕ್ ಹಾಕಬೇಕೆಂದು ಯಾರಿಗೂ ಹೇಳಿಕೊಡಬೇಕಾಗುವುದಿಲ್ಲ.