ರಾಜೇಶ್ವರಿಯ ಎಡಗೈ

ತರಗತಿಯಲ್ಲಿ ನಾನು ಹೇಳಿದ ಒಂದು ಕತೆಯನ್ನು ವಾಪಸು ತೆಗೆದುಕೊಳ್ಳಬೇಕಾಗಿದೆ. ಕತೆ ಸುಳ್ಳೇನಲ್ಲ. ಆದರೆ ಅದನ್ನು ಹೇಳಿದ್ದರಲ್ಲಿ ತಪ್ಪಿತ್ತು.

2017ರ ಮಾತು. ಇಂಗ್ಲೆಂಡಿನಲ್ಲಿ ಮಹಿಳೆಯರ ವಿಶ್ವಕಪ್ ಮುಗಿಸಿ ವಿಜಯಪುರದ ರಾಜೇಶ್ವರಿ ಗಾಯಕವಾಡ ಊರಿಗೆ ಬಂದಿದ್ದಳು. ಆಗ ಮಂತ್ರಿಗಳಾಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ಕಾರು ಬೇಡ, ಮನೆಯವರಿಗೆ ಇರಲು ಒಂದು ಮನೆ ಬೇಕು ಎಂದಳು ಆಕೆ. 2014ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಅವಳ ಹೆಗಲಿಗೆ ಬಿದ್ದಿತ್ತು. ಪತ್ರಿಕೆಗಳಲ್ಲಿ ಇದನ್ನು ಓದಿ ನನ್ನ ಕಣ್ಣು ತೇವವಾದವು. ಮರುದಿನ ಬನಹಟ್ಟಿಯ ನಮ್ಮ ಶಾಲೆಯಲ್ಲಿ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿ, ಮೂವತ್ತು ವರ್ಷದ ರೂಢಿ. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಯ ಸಾಲಿನಲ್ಲಿ ಕೂತ ಒಬ್ಬ ಹುಡುಗಿ, ಮಗ್ಗದವರ ಮನೆಯದು, ಖೋಖೋದಲ್ಲಿ ನಮ್ಮ ಶಾಲೆಗೆ ಮುಂದು, ಎದ್ದು ನಿಂತಳು.

"ಅಕ್ಕೋರ, ಆಕಿ ಚೆಂಡ್ ಹೆಂಗ ಒಗೀತಾಳ್ರೀ?"

ನನಗೆ ಗೊತ್ತಿರಲಿಲ್ಲ. ಎಡಗೈಯಿಂದ, ಎಂದೆ. "ಅದ ಹೆಂಗ್ರೀ?" ಎಂದಳು. ಗಂಟೆ ಬಾರಿಸಿತು, ನಾನು ಉಳಿದುಕೊಂಡೆ.

ಅಂದು ಸಂಜೆ ಪತ್ರಿಕೆಯ ತುಂಡುಗಳನ್ನೆಲ್ಲ ಮತ್ತೆ ಓದಿದೆ. ತಾಯಿಯ ಮಾತಿದೆ, ಬಾಡಿಗೆ ಮನೆಯ ಮಾತಿದೆ, ಕಾರಿನ ಬೆಲೆಯಿದೆ. ಚೆಂಡಿನ ಮಾತು ಎಲ್ಲೋ ಒಂದು ಸಾಲು. ನಮ್ಮ ಮುಧೋಳ ಕಡೆ ಕುಸ್ತಿ ನೋಡಿದವರು ಹೇಗೆ ಮಾತಾಡುತ್ತಾರೆ ನೆನಸಿಕೊಳ್ಳಿ. ಜಾತ್ರೆ ಮುಗಿದು ಎಂಟು ದಿನವಾದರೂ ಕಟ್ಟೆಯ ಮೇಲೆ ಅದೇ ಮಾತು: ಯಾವ ಪಟ್ಟು ಹಾಕಿದ, ಎಲ್ಲಿ ಕಾಲು ಕೊಟ್ಟ, ಹೇಗೆ ಚಿತ್ತಾದ. ಪೈಲವಾನನ ಮನೆಗೆ ಹಂಚಿದೆಯೋ ತಗಡಿದೆಯೋ ಯಾರೂ ಮೊದಲು ಕೇಳುವುದಿಲ್ಲ. ಗಂಡಸಿನ ಆಟಕ್ಕೆ ವಿಮರ್ಶೆ, ಹೆಣ್ಣುಮಗಳ ಆಟಕ್ಕೆ ಕಣ್ಣೀರು. ಈ ಹಂಚಿಕೆಯಲ್ಲಿ ನಾನೂ ಪಾಲುದಾರಳಾಗಿದ್ದೆ.

ನನ್ನ ತಮ್ಮನ ಮಗನಿಗೆ ಕ್ರಿಕೆಟ್ಟಿನ ಹುಚ್ಚು. ಅವನನ್ನು ಕೂರಿಸಿಕೊಂಡು ಡರ್ಬಿಯ ಪಂದ್ಯದ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿದೆ. 2017ರ ಜುಲೈ 15, ನ್ಯೂಜಿಲೆಂಡ್ ಎದುರು. ಸೋತರೆ ಮನೆಗೆ, ಗೆದ್ದರೆ ಸೆಮಿಫೈನಲ್ಲಿಗೆ. ಮಿಥಾಲಿ ರಾಜ್ 109 ಹೊಡೆದಿದ್ದಳು. ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70. ಒಟ್ಟು 265. ಆ ಟೂರ್ನಿಯಲ್ಲಿ ಅಲ್ಲಿಯ ತನಕ ಹೊರಗೆ ಕೂತಿದ್ದ ರಾಜೇಶ್ವರಿಯನ್ನು ಅಂದು ಏಕ್ತಾ ಬಿಷ್ತ್ ಬದಲಿಗೆ ಇಳಿಸಿದರು. ಏಳೂವರೆ ಓವರು, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು.

"ನೋಡತ್ತಿ, ಮ್ಯಾಲ ತೂರೂದಿಲ್ಲ ಆಕಿ," ಎಂದ ಹುಡುಗ. ಹೌದು. ಓಟವೂ ಬಹಳಿಲ್ಲ, ಚೆಂಡನ್ನು ಬಹಳ ಎತ್ತರಕ್ಕೆ ಹಾರಿಸುವುದೂ ಇಲ್ಲ. ಕಡ್ಡಿಗೆ ನೇರವಾಗಿ, ಸ್ವಲ್ಪ ಬಿರುಸಾಗಿಯೇ ಬಿಡುತ್ತಾಳೆ. ಬೆರಳಿನ ತಿರುವು ಹಿಡಿದರೆ ಬಲಗೈ ಆಟಗಾರ್ತಿಯಿಂದ ಆಚೆ ಸರಿಯುತ್ತದೆ, ಹಿಡಿಯದಿದ್ದರೆ ಬಂದ ದಾರಿಯಲ್ಲೇ ಬಂದು ಕಡ್ಡಿಗೋ ಕಾಲಿಗೋ ಬಡಿಯುತ್ತದೆ. ಎರಡರಲ್ಲಿ ಯಾವುದು ಬರುತ್ತದೆಂದು ಬ್ಯಾಟು ಹಿಡಿದವಳು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ತಡವಾಗಿರುತ್ತದೆ. ಮತ್ತೆ ಅದೇ ಜಾಗ, ಮತ್ತೆ ಅದೇ ಜಾಗ. ನೋಡಲು ಬೆಡಗಿಲ್ಲ. ನನಗೆ ನಮ್ಮ ಓಣಿಯ ಮಗ್ಗದ ಸದ್ದು ನೆನಪಾಯಿತು. ಒಂದೇ ಲಾಳಿ, ಅದೇ ದಾರಿ, ಕೊನೆಗೆ ಸೀರೆ. ಕ್ರಿಕೆಟ್ಟಿಗೆ ಬರುವ ಮೊದಲು ಭರ್ಜಿ ಎಸೆಯುತ್ತಿದ್ದಳಂತೆ. ಆ ತೋಳಿನ ಬಲ ಇಲ್ಲಿ ಅಡಗಿಕೊಂಡಿದೆ ಎಂದು ನನ್ನ ಊಹೆ, ತಿಳಿದವರು ನಕ್ಕರೆ ನಗಲಿ.

ಹೊಗಳಿಕೆಯಷ್ಟೇ ಆದರೆ ಅದೂ ಸನ್ಮಾನದ ಭಾಷಣವಾಗುತ್ತದೆ. ಬ್ಯಾಟು ಹಿಡಿಯುವುದರಲ್ಲಿ ಆಕೆ ಸಾಲಿನ ಕಡೆಯವಳು. ಜುಲೈ 23ರಂದು ಲಾರ್ಡ್ಸ್ ಮೈದಾನದ ಫೈನಲ್ಲಿನಲ್ಲಿ 191ಕ್ಕೆ 3 ಇದ್ದ ನಮ್ಮ ತಂಡ 219ಕ್ಕೆ ಕುಸಿದು 9 ರನ್ನಿನಿಂದ ಸೋತಿತು. ಕೊನೆಗೆ ಶ್ರಬ್‌ಸೋಲ್ ಎಸೆತಕ್ಕೆ ಸೊನ್ನೆಗೆ ಕಡ್ಡಿ ಕಳೆದುಕೊಂಡವಳು ನಮ್ಮ ರಾಜೇಶ್ವರಿಯೇ. ಅದಕ್ಕೆ ಅವಳನ್ನು ದೂರುವುದು ಅನ್ಯಾಯ, ಆರು ಜನ ಅವಳಿಗಿಂತ ಮುಂಚೆ ದಾರಿ ತಪ್ಪಿಸಿದ್ದರು. ಆದರೆ ಈಗಿನ ತಂಡಗಳು ಚೆಂಡು ಎಸೆಯುವವರಿಂದಲೂ ಹತ್ತಿಪ್ಪತ್ತು ರನ್ ಕೇಳುತ್ತವೆ. ಆ ಲೆಕ್ಕದಲ್ಲಿ ಅವಳು ಹಿಂದೆ ಬಿದ್ದಳು ಎಂದೇ ನನಗೆ ಅನಿಸುತ್ತದೆ.

2022ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಎದುರು 31ಕ್ಕೆ 4 ವಿಕೆಟ್ ತೆಗೆದಳು. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾದಾಗ ಯುಪಿ ವಾರಿಯರ್ಸ್ 40 ಲಕ್ಷಕ್ಕೆ ಕೊಂಡಿತು. ಆಗಲೂ ನಮ್ಮವರು ಬರೆದದ್ದು 40 ಲಕ್ಷದ ಬಗ್ಗೆಯೇ. 2025ರ ನವೆಂಬರಿನಲ್ಲಿ ಭಾರತದ ಹೆಣ್ಣುಮಕ್ಕಳು ಕೊನೆಗೂ ಕಪ್ ಎತ್ತಿದಾಗ ತಂಡದಲ್ಲಿ ಆಕೆ ಇರಲಿಲ್ಲ. ಆ ಎಡಗೈ ತಿರುವಿನ ಜಾಗದಲ್ಲಿ ಕಡಪದ ಶ್ರೀಚರಣಿ ಇದ್ದಳು. ಸಂತೋಷವೂ ಆಯಿತು, ಚುರುಕ್ಕೆಂದೂ ಆಯಿತು. 64 ಏಕದಿನ ಪಂದ್ಯಗಳಲ್ಲಿ ರಾಜೇಶ್ವರಿಯ ವಿಕೆಟ್ಟು 99. ಓವರಿಗೆ ಕೊಟ್ಟದ್ದು ನಾಲ್ಕು ರನ್ನಿಗಿಂತ ಕಡಿಮೆ. ಮನೆಯ ಕತೆ ಹೇಳುವ ಯಾರೂ ಈ 99ನ್ನು ಹೇಳಿದ್ದು ನಾನು ಕೇಳಿಲ್ಲ.

1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ಜಮಖಂಡಿ, ಮುಧೋಳ, ಬೀಳಗಿಯವರಾದ ನಾವೂ ವಿಜಾಪುರ ಜಿಲ್ಲೆಯವರೇ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟಿದರೆ ಅವಳೂರಿನ ದಾರಿ. "ನಮ್ಮಾಕಿ" ಎನ್ನಲು ನಮಗೆ ಹಕ್ಕುಂಟು. ಹಾಗೆ ಅನ್ನುವವರು ಅವಳ ಕೆಲಸವನ್ನೂ ಒಂದಿಷ್ಟು ತಿಳಿದಿರಬೇಕಲ್ಲ.

ಪ್ರಶ್ನೆ ಕೇಳಿದ ಹುಡುಗಿ ಹತ್ತನೆಯದರ ನಂತರ ಶಾಲೆ ಬಿಟ್ಟಳು. ಖೋಖೋ ಅದಕ್ಕೂ ಮೊದಲೇ ನಿಂತಿತ್ತು. ಅವರ ಮನೆಗೆ ಹೋಗಿ ನಾನು ಹೇಳಿದ್ದು ಏನು ಗೊತ್ತೇ? ಆಡಿದರೆ ನೌಕರಿ ಸಿಗುತ್ತದೆ, ಮನೆ ಕಟ್ಟಿಸುತ್ತಾಳೆ ಎಂದು. "ಮನಿ ಐತ್ರೀ ಅಕ್ಕೋರ," ಎಂದರು ಅವಳಪ್ಪ, ಮೆತ್ತಗೆ. ನಿಮ್ಮ ಮಗಳು ಕಂಬದ ಹತ್ತಿರ ಹೇಗೆ ತಿರುಗುತ್ತಾಳೆ ಒಮ್ಮೆ ಬಂದು ನೋಡ್ರಿ ಎನ್ನಬೇಕಿತ್ತು. ಅದು ನನಗೆ ಹೊಳೆಯಲಿಲ್ಲ.

ಮೊನ್ನೆ ಸಂತೆಯಲ್ಲಿ ಸಿಕ್ಕಳು, ಕಂಕುಳಲ್ಲಿ ಕೂಸು. ಕಂಡಿಕೆ ಸುತ್ತುತ್ತಾಳಂತೆ. ಅದು ಇದು ಮಾತಾಡಿ, ಹೊರಡುವಾಗ ಕೇಳಿದಳು:

"ಅಕ್ಕೋರ, ಆಕೀವು ವಿಕೆಟ್ ಎಷ್ಟ ಆದುವ್ರೀ?"

"ತೊಂಬತ್ತೊಂಬತ್ತವ್ವಾ."

"ಅಯ್ಯ, ಒಂದಽ ಉಳದತಿ," ಎಂದು ಕೂಸನ್ನು ಎಡಗೈಗೆ ಬದಲಿಸಿಕೊಂಡಳು.